‘ಲಾಸ್ಟ್ ಹೇಳಿ’ ರಾಯರು

ನಮ್ಮ ರಸ್ತೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ‘ಲಾಸ್ಟ್ ಹೇಳಿ’ ರಾಯರು ಎಂದರೆ ಸಾಕು, ಕುವೆಂಪುನಗರದ ನಮ್ಮ ಬ್ಲಾಕಿನಲ್ಲಿ ಸೊಪ್ಪಿನವಳಿಗೂ ಗೊತ್ತು, ಗ್ಯಾಸಿನವನಿಗೂ ಗೊತ್ತು. ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತು ನಿವೃತ್ತರಾದವರು. ಮೂವತ್ತು ವರ್ಷ ಯಾರಿಗೂ ಬಡ್ಡಿಯಲ್ಲಿ ಕಾಲು ಪರ್ಸೆಂಟು ಬಿಡದಿದ್ದ ಮನುಷ್ಯ, ಈಗ ಲೋಕವೆಲ್ಲ ತನಗೆ ಕಾಲು ಭಾಗ ಬಿಡಬೇಕು ಎನ್ನುತ್ತಾರೆ.

ಕೈ ಬಿಗಿಯಾಗಿ ಚೌಕಾಶಿಗೆ ಇಳಿದವರು ಎಂದುಕೊಳ್ಳಬೇಡಿ. ಪೆನ್ಷನ್ ಚೆನ್ನಾಗಿದೆ, ಸ್ವಂತ ಮನೆಯಿದೆ, ಮಗ ಹೊರದೇಶದಲ್ಲಿದ್ದಾನೆ. ರಾಯರ ಕಣ್ಣು ಬೆಲೆಯ ಮೇಲಿರುವುದೇ ಇಲ್ಲ, ಪಕ್ಕದ ಗಿರಾಕಿಯ ಚೀಲದ ಮೇಲಿರುತ್ತದೆ. ದೇವರಾಜ ಮಾರ್ಕೆಟ್ಟಿನಲ್ಲಿ ಈರನಗೆರೆ ಬದನೆಕಾಯಿ ಮೂವತ್ತಕ್ಕೆ ಸಿಕ್ಕಿದರೆ ಅವರಿಗೆ ವಿಶೇಷ ಸಂತೋಷವೇನಿಲ್ಲ. ಅದೇ ಬದನೆಕಾಯಿ ಪಕ್ಕದವರಿಗೆ ನಲವತ್ತಕ್ಕೆ ಹೋಗಿರಬೇಕು, ಆಗ ಮಧ್ಯಾಹ್ನದ ಎಣ್ಣೆಗಾಯಿಗೆ ಬೇರೆಯೇ ರುಚಿ.

ಕಾಲ ಇಂಥವರ ಕಡೆಗಿಲ್ಲ. ಸೂಪರ್ ಮಾರ್ಕೆಟ್ಟಿನ ಬಾರ್‌ಕೋಡಿಗೆ ಕಿವಿಯಿಲ್ಲ. ಮೊಬೈಲಿನಲ್ಲಿ ತರಿಸಿದ ಸಾಮಾನಿಗೆ ಎದುರು ನಿಂತು ಮಾತಾಡುವ ಮುಖವಿಲ್ಲ. ಒಂದೊಂದೇ ರಣರಂಗ ಕೈತಪ್ಪುತ್ತ ಬಂದು ರಾಯರಿಗೆ ಕೊನೆಗೆ ಉಳಿದದ್ದು ಟಿವಿ ಒಂದೇ. ನೋಡುವುದಕ್ಕಲ್ಲ, ಅದರ ಬಿಲ್ಲಿಗಾಗಿ.

ಈ ವಿದ್ಯೆಯನ್ನು ಅವರು ಶುರು ಮಾಡಿದ್ದು ತೊಂಬತ್ತರ ದಶಕದಲ್ಲಿ, ಕೇಬಲ್ ಹುಡುಗನ ಮೇಲೆ. ತಿಂಗಳ ಮೊದಲ ವಾರ ಅವನು ಸೈಕಲ್ಲಿನಲ್ಲಿ ಚೀಟಿ ಪುಸ್ತಕ ಹಿಡಿದು ಬರುವುದೇ ತಡ, ರಾಯರು ಗೇಟಿನ ಬಳಿ ಹಾಜರು. ಮೊದಲು ನೀರು ಕೊಡುತ್ತಿದ್ದರು, ಆಮೇಲೆ ಲೆಕ್ಕ ಕೊಡುತ್ತಿದ್ದರು. “ಹೋದ ತಿಂಗಳು ಮಳೆ ಬಂದು ಎರಡು ದಿನ ಉದಯ ಟಿವಿ ಬರಲಿಲ್ಲ. ಅದನ್ನ ಕಳಿ. ಭಾನುವಾರ ಸಿನಿಮಾ ಕೊನೇ ರೀಲಲ್ಲಿ ಲೈನ್ ಹೋಯ್ತು. ಕ್ಲೈಮ್ಯಾಕ್ಸಿಗೆ ಎಷ್ಟು ಕಳೀತೀಯ?” ಹುಡುಗನಿಗೆ ಇನ್ನೂ ನಲವತ್ತು ಮನೆ ಬಾಕಿ. ಹತ್ತು ರೂಪಾಯಿ ಬಿಟ್ಟು ಓಡಿಹೋಗುತ್ತಿದ್ದ. ಆ ಹತ್ತು ರೂಪಾಯಿಯ ಸುದ್ದಿ ಸಂಜೆಯೊಳಗೆ ಇಡೀ ರಸ್ತೆಗೆ ಮುಟ್ಟುತ್ತಿತ್ತು. ಮುಟ್ಟಿಸುತ್ತಿದ್ದವರು ರಾಯರೇ. ಮುಂದಿನ ತಿಂಗಳು ಎಲ್ಲರೂ ಹತ್ತು ರೂಪಾಯಿ ಕಡಿಮೆ ಕೊಡುತ್ತಿದ್ದರು. ಆಗ ರಾಯರಿಗೆ ತಮ್ಮ ರಿಯಾಯಿತಿ ರುಚಿಗೆಟ್ಟು, ಇನ್ನೂ ಐದು ಕಡಿಮೆ ಮಾಡಿಸಲು ಹೊಸ ಲೆಕ್ಕ ಹೊಸೆಯುತ್ತಿದ್ದರು.

2013ರ ಮಾರ್ಚ್ 31ರ ಗಡುವು ಬಂತು. ಬೆಂಗಳೂರು, ಮೈಸೂರು ಸೇರಿದಂತೆ ದೇಶದ 38 ಊರುಗಳಲ್ಲಿ ಕೇಬಲ್ ಡಿಜಿಟಲ್ ಆಗಬೇಕು, ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಬರಬೇಕು ಎಂದಾಯಿತು. ಹುಡುಗ ಬಾಕ್ಸ್ ತೋರಿಸಿ, “ಈಗೆಲ್ಲ ಮೇಲಿಂದ ಆಫ್ ಮಾಡ್ತಾರೆ ಸಾರ್, ನನ್ನ ಕೈಲಿ ಏನೂ ಇಲ್ಲ” ಎಂದ. ಕೈಯಲ್ಲಿ ಏನೂ ಇಲ್ಲದವನ ಜೊತೆ ರಾಯರಿಗೇನು ಮಾತು? ತಾರಸಿಯ ಮೇಲೆ ಡಿಟಿಎಚ್ ಕೊಡೆ ಹಾಕಿಸಿದರು. ಅದರಲ್ಲೂ ಕೂಡಿಸುವವನ ಕೂಲಿ, ವೈರಿನ ಮೀಟರು, ಗೋಡೆಗೆ ಹೊಡೆದ ಮೊಳೆ ಇವಕ್ಕೆಲ್ಲ ಬೇರೆ ಬೇರೆ ಚೌಕಾಶಿ ನಡೆಯಿತು.

ಅವರ ಬಾಳಿನಲ್ಲಿ ನಿಜವಾದ ಆಘಾತವೆಂದರೆ 2019ರ ಫೆಬ್ರವರಿ 1. ಆ ದಿನದಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರಪದ್ಧತಿ ಜಾರಿಗೆ ಬಂತು. 100 ಚಾನೆಲ್ ತನಕ ಹೆಚ್ಚೆಂದರೆ 130 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಪೇ ಚಾನೆಲ್ ಬೇಕಾದರೆ ಅದರದು ಬೇರೆ. ಬೇಕಾದ್ದಕ್ಕಷ್ಟೇ ದುಡ್ಡು ಕೊಡಿ ಎಂದು ಸರ್ಕಾರಿ ಜಾಹೀರಾತು ಬಂದರೆ ರಾಯರು ಪೇಪರನ್ನು ಮಡಿಸಿಟ್ಟು, “ಚಾಮರಾಜನಗರದವನಿಗೂ 130, ಚಂಡೀಗಢದವನಿಗೂ 130. ಇದೇನು ರೇಷನ್ ಅಂಗಡಿಯೇ?” ಎಂದು ಹೊರಗೆ ಬಂದರು. ಮುಖ ಬಾಡಿತ್ತು.

ಆದರೂ ಬಿಡಲಿಲ್ಲ. ಮಗನ ಹಳೇ ನೋಟ್‌ಬುಕ್ಕಿನಲ್ಲಿ ಚಾನೆಲ್ಲುಗಳ ಪಟ್ಟಿ ಎಳೆದರು. ಒಂದು ಎಚ್‌ಡಿ ಚಾನೆಲ್ ತೆಗೆದುಕೊಂಡರೆ ಲೆಕ್ಕದಲ್ಲಿ ಎರಡು ಚಾನೆಲ್ ಎಂದು ತಿಳಿದು ಒಂದು ರಾತ್ರಿ ನಿದ್ದೆಗೆಟ್ಟರು. 19 ರೂಪಾಯಿಗಿಂತ ಹೆಚ್ಚು ಬೆಲೆಯ ಚಾನೆಲ್ಲನ್ನು ಪ್ಯಾಕಿನಲ್ಲಿ ಸೇರಿಸುವಂತಿಲ್ಲ ಎಂಬ ನಿಯಮ ಬಂದದ್ದೇ, ಕನ್ನಡದ ದೊಡ್ಡ ಮನರಂಜನಾ ಚಾನೆಲ್ಲುಗಳಲ್ಲಿ ಕೆಲವು ನೆಟ್ಟಗೆ 19ಕ್ಕೇ ಬಂದು ನಿಂತದ್ದನ್ನು ಕಂಡು, “ಇವರು ಎಲ್ಲ ಒಂದೇ ಮನೆಯಲ್ಲಿ ಊಟ ಮಾಡಿ ಬಂದವರ ಹಾಗೆ ಕಾಣ್ತಾರೆ” ಎಂದರು. ಮರುವರ್ಷ ಮಾರ್ಚಿನಲ್ಲಿ ಅದೇ 130ಕ್ಕೆ 200 ಚಾನೆಲ್ ಕೊಡಬೇಕೆಂದಾಯಿತು. ನಾವೆಲ್ಲ ಒಳ್ಳೆಯದೇ ಆಯಿತೆಂದೆವು. ರಾಯರು ಮಾತ್ರ, “ನೂರೇ ನೋಡಿ ಮುಗಿದಿಲ್ಲ. ಚಾನೆಲ್ ಎರಡರಷ್ಟು ಮಾಡೋ ಬದಲು ದುಡ್ಡು ಅರ್ಧ ಮಾಡಬಾರದಿತ್ತೇ?” ಎಂದು ಕೇಳಿದರು. ಈ ಪ್ರಶ್ನೆಗೆ ನಮ್ಮ ರಸ್ತೆಯಲ್ಲಿ ಇವತ್ತಿಗೂ ಉತ್ತರ ಸಿಕ್ಕಿಲ್ಲ.

2024ರ ಜುಲೈನಲ್ಲಿ ಟ್ರಾಯ್ ಆ 130ರ ಮಿತಿಯನ್ನೇ ತೆಗೆದುಹಾಕಿತು. ಊರಿಗೆ ತಕ್ಕಂತೆ, ಚಾನೆಲ್ ಸಂಖ್ಯೆಗೆ ತಕ್ಕಂತೆ, ಗಿರಾಕಿಗಳ ವರ್ಗಕ್ಕೆ ತಕ್ಕಂತೆ ಕಂಪನಿಗಳೇ ದರ ಇಟ್ಟುಕೊಳ್ಳಬಹುದು ಎಂದಿತು. ಬಿಲ್ಲು ಏರುತ್ತದಲ್ಲ ಎಂದು ನಾವು ಹೆದರಿದೆವು. ರಾಯರು ಅರ್ಧ ಕಿಲೋ ಮೈಸೂರುಪಾಕು ತಂದು ಹಂಚಿದರು. “ವರ್ಗಕ್ಕೆ ತಕ್ಕಂತೆ ಅಂತ ಬರೆದಿದ್ದಾರೆ, ನೋಡಿದಿರಾ?” ಎಂದು ಪೇಪರಿನ ಆ ಸಾಲಿನ ಮೇಲೆ ಬೆರಳಿಟ್ಟರು. “ನಾನೇ ಒಂದು ವರ್ಗ!”

ಅಲ್ಲಿಂದ ಮುಂದೆ ಶುರುವಾದದ್ದು ಕಸ್ಟಮರ್ ಕೇರ್ ಪರ್ವ. ರಾಯರು ಫೋನ್ ಮಾಡುವ ಹೊತ್ತು ಬೆಳಿಗ್ಗೆ ಹನ್ನೊಂದು. ಅಷ್ಟರೊಳಗೆ ಎರಡನೇ ಕಾಫಿ ಆಗಿರುತ್ತದೆ. ಸ್ಪೀಕರ್ ಹಾಕಿ, ಜಗಲಿಯಲ್ಲಿ ಕೂತು, ಬೀದಿಗೆ ಕೇಳುವಂತೆ ಮಾತಾಡುತ್ತಾರೆ. ಫೋನಿನ ಒಳಗಿನ ಧ್ವನಿ ಕನ್ನಡಕ್ಕೆ ಇದನ್ನು ಒತ್ತಿ, ರೀಚಾರ್ಜಿಗೆ ಅದನ್ನು ಒತ್ತಿ ಎಂದು ಪಟ್ಟಿ ಓದುತ್ತಿದ್ದರೆ, ರಾಯರು ದೂರಿನ ಗುಂಡಿಯನ್ನು ಮುಟ್ಟುವುದೇ ಇಲ್ಲ. “ದೂರು ಕೇಳೋರಿಗೆ ಸಾರಿ ಹೇಳೋ ಅಧಿಕಾರ ಮಾತ್ರ ಇರುತ್ತೆ. ಕನೆಕ್ಷನ್ ಬೇಡ ಅನ್ನೋರ ಹತ್ತಿರ ಮಾತಾಡೋರಿಗೆ ಬೆಲೆ ಇಳಿಸೋ ಅಧಿಕಾರ ಇರುತ್ತೆ.” ಇದು ಅವರು ಬ್ಯಾಂಕಿನಿಂದ ತಂದ ಜ್ಞಾನ. ಠೇವಣಿ ಇಡಲು ಬಂದವರನ್ನು ಕ್ಯೂನಲ್ಲಿ ನಿಲ್ಲಿಸಿ, ಠೇವಣಿ ವಾಪಸ್ ಕೇಳಿದವರಿಗೆ ಕುರ್ಚಿ ಹಾಕಿದ ಅನುಭವ ಅವರದು.

“ನಮಸ್ಕಾರ ಸರ್, ನಾನು ನಿಮಗೆ ಹೇಗೆ ಸಹಾಯ ಮಾಡಲಿ?”

“ಸಹಾಯ ಏನೂ ಬೇಡಮ್ಮ. ಕನೆಕ್ಷನ್ ತೆಗೆದುಬಿಡು, ಅಷ್ಟು ಸಾಕು.”

“ಯಾಕ್ರಿ ಸರ್, ಏನರ ತೊಂದ್ರಿ ಆಗೈತೇನ್ರಿ?”

ಆ ‘ಆಗೈತೇನ್ರಿ’ ಕಿವಿಗೆ ಬಿದ್ದದ್ದೇ ರಾಯರು ನೆಟ್ಟಗೆ ಕೂತರು. “ಯಾವೂರಮ್ಮ ನಿಂದು?”

“ಹಾವೇರಿ ಕಡೆ ರೀ ಸರ್.”

“ಹಾವೇರಿನಾ! ಏಲಕ್ಕಿ ಹಾರದ ಊರು! ನಾನು ಬ್ಯಾಡಗಿ ಬ್ರಾಂಚಲ್ಲಿದ್ದೆ ಕಣಮ್ಮ. ಮೆಣಸಿನಕಾಯಿ ಸೀಸನ್ ಬಂದರೆ ಸೀನ್ತಾ ಸೀನ್ತಾನೇ ಲೆಡ್ಜರ್ ಬರೀತಿದ್ವಿ.”

“ಹೌದ್ರಿ? ನಮ್ಮಪ್ಪಾರೂ ಅಲ್ಲೇ ದಲಾಲಿ ಅಂಗಡ್ಯಾಗ ಕೆಲಸ ಮಾಡ್ಯಾರ್ರಿ.”

ಬೇರೆ ಯಾರಾದರೂ ಆಗಿದ್ದರೆ ಇಲ್ಲೇ ಎಚ್ಚೆತ್ತುಕೊಳ್ಳುತ್ತಿದ್ದರು. ರಾಯರು ಅರಳಿದರು. “ಹಾಗಾದರೆ ನಮ್ಮ ಹುಡುಗೀನೇ ಆದೆ. ಹೇಳು, ಲಾಸ್ಟ್ ಎಷ್ಟು?”

“ನೀವ ಎಷ್ಟು ಅನ್ಕೊಂಡೀರಿ, ಹೇಳ್ರಿ ಸರ್.”

ಚೌಕಾಶಿಯಲ್ಲಿ ಮೊದಲು ಬಾಯಿಬಿಟ್ಟವನು ಸೋತ. ಇದು ರಾಯರೇ ನಮಗೆಲ್ಲ ಹೇಳಿಕೊಟ್ಟ ಪಾಠ. ಆದರೆ ಬೀದಿಯಲ್ಲಿ ನಾಲ್ಕು ಜನ ನಿಂತಿದ್ದರು, ಇಸ್ತ್ರಿ ಗಾಡಿಯವನೂ ಕೈ ನಿಲ್ಲಿಸಿದ್ದ. “ಮುನ್ನೂರಕ್ಕೆ ಮುಗಿಸು” ಎಂದುಬಿಟ್ಟರು.

“ಮುನ್ನೂರಕ್ಕ ಆಗಂಗಿಲ್ರಿ. ಆರು ತಿಂಗಳದ್ದು ಒಮ್ಮೆಲೇ ಕಟ್ಟಿದ್ರ ತಿಂಗಳಿಗೆ 319 ಬೀಳತೈತ್ರಿ. ಇದು ನಿಮಗಷ್ಟ ರೀ ಸರ್. ಬ್ಯಾರೆಯವರಿಗೆ ಈ ರೇಟ್ ಇಲ್ರಿ.”

ಹಿಂದೆ ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಎತ್ತಿನ ವ್ಯಾಪಾರ ಮುಗಿಸುತ್ತಿದ್ದರು. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು ಎಂಬುದೇ ಅದರ ಗುಟ್ಟು. ಎತ್ತು ಕೊಂಡವನು ಊರಿಗೆ ಹೋಗಿ ತನಗೆ ಅಗ್ಗಕ್ಕೆ ಬಿತ್ತೆಂದು ಮೀಸೆ ತಿರುವಬಹುದು, ಮಾರಿದವನು ತನಗೆ ಒಳ್ಳೇ ಬೆಲೆ ಬಂತೆಂದು ತಿರುವಬಹುದು. ಕಂಪನಿಯವರೂ ಹಾಗೆಯೇ ‘ನಿಮಗಷ್ಟೇ’ ಎಂಬ ಟವೆಲ್ಲನ್ನು ಫೋನಿನ ಮೇಲೆ ಹೊದಿಸುತ್ತಾರೆ. ಅಷ್ಟು ಕೇಳಿದರೆ ರಾಯರಿಗೆ 319 ಎಂಬ ಅಂಕಿಯೇ ಕಾಣುವುದಿಲ್ಲ. ಕೂತ ಜಾಗದಲ್ಲೇ ಆರು ತಿಂಗಳ ದುಡ್ಡು ಕಟ್ಟಿದರು. ಕನೆಕ್ಷನ್ನೇ ಬೇಡವೆಂದು ಫೋನ್ ಮಾಡಿದವರು!

ಆದರೆ ಟವೆಲ್ಲನ್ನು ಮುಚ್ಚಿಟ್ಟುಕೊಂಡು ಬಾಳುವ ಶಕ್ತಿ ರಾಯರಿಗೆ ಎಲ್ಲಿ? ಸಂಜೆ ವಾಕಿಂಗ್‌ನಲ್ಲಿ ಮೂವರಿಗೆ ಹೇಳಿದರು, ಮರುದಿನ ಹಾಲಿನ ಬೂತಿನಲ್ಲಿ ಐವರಿಗೆ. “ಯಾರಿಗೂ ಹೇಳಬೇಡಿ” ಎಂದೂ ಸೇರಿಸಿದರು. ವಾರ ಕಳೆಯುವಷ್ಟರಲ್ಲಿ ರಸ್ತೆಯ ಅರ್ಧ ಮನೆಗಳವರು ಕನೆಕ್ಷನ್ ಬೇಡವೆಂದು ಫೋನ್ ಮಾಡಿ, ಆರು ತಿಂಗಳ ದುಡ್ಡು ಕಟ್ಟಿ, ಇದು ನಿಮಗಷ್ಟೇ ಎಂದು ಕೇಳಿಸಿಕೊಂಡು ಖುಷಿಯಾಗಿ ಕೂತರು. ಸಂಬಳ ತೆಗೆದುಕೊಂಡು ಬೀದಿ ಸುತ್ತುವ ಏಜೆಂಟನೂ ಕಂಪನಿಗೆ ಇಷ್ಟು ದುಡ್ಡು ಮುಂಗಡ ಕಟ್ಟಿಸಿರಲಾರ. ರಾಯರ ಮುಖ ಮಾತ್ರ ಮತ್ತೆ ಬಾಡಿತು. “ಎಲ್ಲರಿಗೂ ಕೊಟ್ಟ ಮೇಲೆ ಅದು ಆಫರ್ ಹೇಗಾಗುತ್ತೆ ರೀ? ರೇಟಾಯ್ತು.”

ಗಾಯಕ್ಕೆ ಉಪ್ಪು ಹಾಕಿದವರು ಮೂಲೆಮನೆಯ ಟೀಚರಮ್ಮ. ಅವರು ಜಗಳಕ್ಕೂ ಹೋದವರಲ್ಲ, ಚೌಕಾಶಿಗೂ ಹೋದವರಲ್ಲ. ಸಂಪಿಗೆ ಹೂವು ಕೊಡಲು ಬಂದವರು ಮಾತಿನ ನಡುವೆ ತಮಗೆ ತಿಂಗಳಿಗೆ 270 ಬೀಳುತ್ತದೆ ಎಂದರು. ರಾಯರ ಕೈಲಿದ್ದ ಲೋಟ ಅಲ್ಲೇ ನಿಂತಿತು.

“ಏನಂತ ಮಾತಾಡಿದಿರಿ ಅವರ ಹತ್ತಿರ?”

“ಏನೂ ಮಾತಾಡಲಿಲ್ಲ ರಾಯರೇ. ಮಗಳ ಪಿಯುಸಿ ಪರೀಕ್ಷೆ ಅಂತ ರೀಚಾರ್ಜ್ ಮಾಡಲಿಲ್ಲ. ಅವರೇ ಫೋನ್ ಮಾಡಿದರು, ಬೇಡ ಅಂದೆ. ಆಮೇಲೆ ಮತ್ತೆ ಮಾಡಿದರು, ಬೇಡ ಅಂದೆ. ಪರೀಕ್ಷೆ ಮುಗಿಯೋ ಹೊತ್ತಿಗೆ ಅವರೇ ಇಳಿಸಿ ಇಳಿಸಿ ಇಲ್ಲಿಗೆ ಬಂದಿದ್ದರು.”

ಆ ರಾತ್ರಿ ರಾಯರಿಗೆ ಅರಿವಾದದ್ದು ಇಷ್ಟು: ಕಂಪನಿ ಮಾತಿಗೆ ಹೆದರುವುದಿಲ್ಲ, ಮೌನಕ್ಕೆ ಹೆದರುತ್ತದೆ. ಮೊಬೈಲ್ ನಂಬರಾದರೆ 2011ರಿಂದ ಪೋರ್ಟ್ ಮಾಡಿಸುತ್ತೇನೆಂದು ಬೆದರಿಸಬಹುದು. ಇಲ್ಲಿ ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೆ ಆಗುವುದಿಲ್ಲ, ಹೊಸ ಬಾಕ್ಸಿಗೆ ಮತ್ತೆ ದುಡ್ಡು. ಹಾಗಾಗಿ ಬಿಟ್ಟುಹೋಗುತ್ತೇನೆ ಎಂಬ ಕೂಗನ್ನು ಕಂಪನಿಯವರು ನಂಬುವುದಿಲ್ಲ. ಕೂಗದೆ ಟಿವಿ ಆರಿಸಿ ಕೂತವರನ್ನು ಮಾತ್ರ ನಂಬುತ್ತಾರೆ.

ಆರು ತಿಂಗಳು ಮುಗಿದ ದಿನ ರಾಯರು ಮೌನವ್ರತ ಘೋಷಿಸಿದರು, ಅದೂ ಬೀದಿಗೆಲ್ಲ ಕೇಳುವಂತೆ. ಟಿವಿ ಆರಿತು. ಎಲ್ಲರಿಗೂ ಆತಂಕವಿದ್ದದ್ದು ಅವರ ಹೆಂಡತಿಯ ಧಾರಾವಾಹಿಗಳ ಬಗ್ಗೆ. ಆ ಮಹಾತಾಯಿ, “ನೀವು ಬಾಯಿ ಮುಚ್ಚಿಕೊಂಡಿರ್ತೀರಿ ಅಂದರೆ ನಾನು ಧಾರಾವಾಹಿ ಬಿಡೋಕೂ ತಯಾರು” ಎಂದರು. ತಂಗಿಯ ಮಗ ಬಂದವನು, “ಮಾವ, ದೂರದರ್ಶನದ ಫ್ರೀ ಡಿಶ್ ಹಾಕಿಸಿಬಿಡಿ. ತಿಂಗಳ ಬಾಡಿಗೆಯೇ ಇಲ್ಲ. ಚಂದನ ಬರುತ್ತೆ, ಥಟ್ ಅಂತ ಹೇಳಿ ನೋಡಬಹುದು” ಎಂದ. ರಾಯರು ಅವನನ್ನು ಮರುಕದಿಂದ ನೋಡಿದರು. “ಪುಕ್ಕಟೆ ಕೊಡೋರ ಹತ್ತಿರ ಏನು ಮಾತಾಡ್ತೀಯಪ್ಪಾ?”

ಕಂಪನಿಯ ಫೋನ್ ಬಂದೇ ಬಂತು. ಎತ್ತಿದರು, ಬೇಡ ಎಂದರು, ಇಟ್ಟರು. ಜಗಲಿಯಲ್ಲಿದ್ದವರೆಲ್ಲ ಭೇಷ್ ಎಂದರು. ಎರಡು ದಿನ ಬಿಟ್ಟು ಮತ್ತೆ ಬಂತು, ಮತ್ತೆ ಬೇಡ. ದರ 319ರಿಂದ 290ಕ್ಕೆ ಇಳಿದಿತ್ತು. ಇನ್ನೊಂದು ಫೋನು ತಡೆದುಕೊಂಡರೆ ಟೀಚರಮ್ಮನ ದಾಖಲೆ ಮುರಿಯುವುದು ಖಂಡಿತ. ಮೂರನೆಯ ಸಲ ರಿಂಗಾದಾಗ ನಾವೆಲ್ಲ ತುಟಿಯ ಮೇಲೆ ಬೆರಳಿಟ್ಟು ಸುತ್ತ ನಿಂತೆವು. ಈ ಬಾರಿ ಒಬ್ಬ ಹುಡುಗ. “ಗುಡ್ ಮಾರ್ನಿಂಗ್ ಸಾರ್, ಎಂತ ರೀಚಾರ್ಜ್ ಮಾಡಲೇ ಇಲ್ಲ ಮಾರಾಯ್ರೆ?” ಎಂದ.

ರಾಯರ ಗಂಟಲು ಮೇಲೆ ಕೆಳಗೆ ಆಡಿತು. ಹೆಂಡತಿ ಕಣ್ಣು ಬಿಟ್ಟರು. ನಾನು ಕೈಮುಗಿದೆ. ಪ್ರಯೋಜನವಾಗಲಿಲ್ಲ.

“ಉಡುಪಿ ಕಡೆಯವನೇನಯ್ಯಾ? ನಾನು ಕಾರ್ಕಳ ಬ್ರಾಂಚಲ್ಲಿದ್ದೆ...”

ಮುಕ್ಕಾಲು ಗಂಟೆ ನಡೆಯಿತು. ಗೋಮಟೇಶ್ವರ ಬಂದ, ಗೋಳಿಬಜೆ ಬಂತು, ಅಲ್ಲಿನ ಮಳೆ ಬಂದು ಹೋಯಿತು. ಕೊನೆಗೆ ರಾಯರು ಗೆದ್ದ ಮುಖದಲ್ಲಿ ಫೋನ್ ಇಟ್ಟರು. ದರ 310. ಒಂದು ವರ್ಷದ್ದು ಒಟ್ಟಿಗೆ. ಅದರ ಜೊತೆಗೆ, ಇಡೀ ರಸ್ತೆಯಲ್ಲಿ ಯಾರಿಗೂ ಇಲ್ಲದ ಒಂದು ವಿಶೇಷ: ಎರಡನೇ ಟಿವಿಗೆ ಅರ್ಧಕ್ಕಿಂತ ಕಡಿಮೆ ಬೆಲೆಯಲ್ಲಿ ಇನ್ನೊಂದು ಕನೆಕ್ಷನ್.

“ನಿಮ್ಮ ಮನೆಯಲ್ಲಿರೋದು ಒಂದೇ ಟಿವಿ ಅಲ್ಲವೇ?” ಎಂದೆ.

ರಾಯರು ಒಂದು ಕ್ಷಣ ಸುಮ್ಮನಾದರು. ಆಮೇಲೆ ನನ್ನ ಮನೆಯ ಕಿಟಕಿಯ ಕಡೆ ಕಣ್ಣು ಹಾಯಿಸಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ನಿಮ್ಮ ಅಟ್ಟದ ಮೇಲೆ ಒಂದು ಹಳೇ ಟಿವಿ ಇದೆಯಲ್ಲ? ಲಾಸ್ಟ್ ಹೇಳಿ.”