ಓಟಿಲ್ಲದ ಮನೆಯಲ್ಲಿ ಡಿಬೇಟು

ನ್ಯೂಜೆರ್ಸಿಯ ಎಡಿಸನ್‌ನ ನಮ್ಮ ಮನೆಯಲ್ಲಿ ರಾಜಕೀಯ ಮಾತಾಡುವ ಬಾಯಿಗಳು ಐದು, ಓಟು ಒಂದೂ ಇಲ್ಲ. ನಾನೂ ನನ್ನ ಹೆಂಡತಿಯೂ ಎಚ್‌ಒನ್‌ಬಿ ಗಿರಾಕಿಗಳು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಕಾಲು ಬತ್ತಿ ಹೋಗಿದೆ. ಅಪ್ಪ, ಅಮ್ಮ ಪಾಂಡವಪುರದಿಂದ ವಿಸಿಟರ್ ವೀಸಾದಲ್ಲಿ ಬಂದವರು. ಹುಟ್ಟಾ ಅಮೆರಿಕನ್ ಅಂದರೆ ಮಗಳೊಬ್ಬಳೇ. ಅವಳ ಓಟಿಗೆ 2032ರವರೆಗೆ ಕಾಯಬೇಕು.

2024ರ ಸೆಪ್ಟೆಂಬರ್ 10, ಮಂಗಳವಾರ. ರಾತ್ರಿ ಒಂಬತ್ತಕ್ಕೆ ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ಡಿಬೇಟು. ಶನಿವಾರ ತಾನೇ ಚೌತಿ ಆಗಿದ್ದರಿಂದ ಡಬ್ಬದಲ್ಲಿ ಚಕ್ಕುಲಿ ಇತ್ತು, ಗಣಪತಿಯೂ ಇನ್ನೂ ಕೂತಿದ್ದ. ಸೀರಿಯಲ್ ಲೈಟಿನ ವೈರು ಬೇರೆ ಪ್ಲಗ್ಗಿಗೆ ಎಟುಕದೆ ಅವನನ್ನು ಟಿವಿ ಪಕ್ಕದಲ್ಲೇ ಕೂರಿಸಿದ್ದೆವು. ಟ್ರಂಪ್ ಮುಖದ ಮೇಲೆ ಮೊದಲೇ ಇದ್ದ ಕಿತ್ತಳೆ ಬಣ್ಣದ ಜೊತೆಗೆ ಹಸಿರು, ನೀಲಿ ಕೂಡ ಮಿಣುಕುತ್ತಿದ್ದವು.

ಅಪ್ಪನ ಮೊದಲ ತಕರಾರು: “ಜನ ಎಲ್ಲವ್ರಲಾ?”

ಫಿಲಡೆಲ್ಫಿಯಾದ ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್‌ನಲ್ಲಿ ನಡೆಯುತ್ತಿದೆ, ಪ್ರೇಕ್ಷಕರನ್ನು ಒಳಗೆ ಬಿಟ್ಟಿಲ್ಲ ಅಂದೆ. “ಬಿಟ್ಟಿಲ್ವೋ, ಸೇರಿಲ್ವೋ? ಒಂದ್ನಾಕು ಬಸ್ ಮಾಡಿ ಊಟ ಹಾಕ್ಸಿದ್ರೆ ಬರೋರಪ್ಪ” ಅಂತ ಅನುಕಂಪ ತೋರಿಸಿದರು.

ಉತ್ತರಕ್ಕೆ ಎರಡೇ ನಿಮಿಷ ಎಂದಾಗ ಅಪ್ಪ ಚಕ್ಕುಲಿ ಕೆಳಗಿಟ್ಟರು. “ಎರಡು ನಿಮಿಷದಲ್ಲಿ ವೇದಿಕೆ ಮೇಲಿರೋರ ಹೆಸ್ರು ಹೇಳಿ ಮುಗಿಯಾಕಿಲ್ಲ, ಮಾತಾಡೋದು ಯಾವಾಗ?” ನ್ಯಾಯವೇ. ನಮ್ಮೂರ ಸಭೆಗಳಲ್ಲಿ ಎರಡನೇ ನಿಮಿಷಕ್ಕೆ ಭಾಷಣಕಾರರು ಇನ್ನೂ ಮಾಜಿ ತಾಲ್ಲೂಕು ಪಂಚಾಯ್ತಿ ಅಧ್ಯಕ್ಷರ ಹತ್ತಿರ ಇರುತ್ತಾರೆ.

ಅಮ್ಮನಿಗೆ ಇಂಗ್ಲಿಷಿನ ಹಂಗಿಲ್ಲ, ಮುಖ ನೋಡಿದರೆ ಸಾಕು. ಶುರುವಿಗೆ ಮುಂಚೆ ಹ್ಯಾರಿಸ್ ವೇದಿಕೆ ದಾಟಿ ಬಂದು ತಾನೇ ಟ್ರಂಪ್ ಕೈ ಕುಲುಕಿದ್ದನ್ನು ಕಂಡು “ಮನೆಗೆ ಬಂದೋರ್ನ ಅವ್ಳೇ ಮಾತಾಡ್ಸುದ್ಲು, ಬುದ್ಧಿವಂತೆ” ಎಂದರು. ಆಮೇಲೆ ಅವಳ ಮೈಕು ಬಂದ್ ಆಗಿರುವಾಗಲೂ ಅರ್ಧ ಪರದೆಯಲ್ಲಿ ಹುಬ್ಬು ಏರುವುದು, ತುಟಿ ಸೊಟ್ಟಗಾಗುವುದು, ಗಲ್ಲಕ್ಕೆ ಕೈ ಹೋಗುವುದು ನೋಡುತ್ತಾ ನೋಡುತ್ತಾ ಅಮ್ಮನ ದನಿ ಬದಲಾಯಿತು. “ಬಾಯಿ ಬಿಡ್ದಂಗೆ ಬೈಯೋದು ಎಲ್ಲಾ ಸೊಸೇರಿಗೂ ಬತ್ತದೆ ಕಣಪ್ಪ.” ಅಡುಗೆಮನೆಯಲ್ಲಿ ಒಂದು ಪಾತ್ರೆ ಬೇಕಿದ್ದಕ್ಕಿಂತ ಜೋರಾಗಿ ಸದ್ದು ಮಾಡಿತು.

ಮಾತು ತಿರುಗಿಸಲು, ಹ್ಯಾರಿಸ್ ತಾಯಿಯ ತಂದೆಯ ಊರು ತಮಿಳುನಾಡಿನ ತುಳಸೇಂದ್ರಪುರಂ, ಅದು ಕಾವೇರಿ ಬಯಲಿನಲ್ಲಿದೆ ಎಂದು ಹೇಳಿದೆ. ಕಬ್ಬು ಬೆಳೆದ ಮನುಷ್ಯನ ಮುಂದೆ ಇನ್ನೇನು ಬೇಕಾದರೂ ಹೇಳಬಹುದಿತ್ತು. “ಅಂದ್ರೆ ನಮ್ಮ ಕನ್ನಂಬಾಡಿ ನೀರು ಕುಡ್ದವ್ರು!” ಇದು ಬೆಂಬಲವೋ ವಿರೋಧವೋ ಎಂಬುದು ಕಡೆಯವರೆಗೂ ತಿಳಿಯಲಿಲ್ಲ. ಕೇಳಿದ್ದಕ್ಕೆ, “ಆ ವರ್ಷದ ಮಳೆ ನೋಡ್ಕಂಡು ಹೇಳ್ಬೇಕು” ಎಂದರು.

ಅಲ್ಲಿಯವರೆಗೆ ನನ್ನ ಕನ್ನಡ ಕಾಮೆಂಟರಿ ಚೆನ್ನಾಗಿಯೇ ಸಾಗಿತ್ತು. ಕೆಟ್ಟಿದ್ದು ಓಹಾಯೋದ ಸ್ಪ್ರಿಂಗ್‌ಫೀಲ್ಡ್ ಬಂದಾಗ. ಹೊರಗಿನಿಂದ ಬಂದವರು ಊರವರ ಸಾಕುನಾಯಿ, ಬೆಕ್ಕು ತಿನ್ನುತ್ತಿದ್ದಾರೆ ಎಂದರು ಟ್ರಂಪ್. ನಾನು ಹಾಗೇ ಕನ್ನಡದಲ್ಲಿ ಹೇಳಿದೆ.

“ಸರಿಯಾಗಿ ಕೇಳ್ಸಿಲ್ಲ ನಿಂಗೆ” ಎಂದರು ಅಮ್ಮ.

“ಇಷ್ಟು ವರ್ಷ ಇಲ್ಲಿದ್ದು ಇಂಗ್ಲಿಷು ಇಷ್ಟೇನಾ ಕಲ್ತಿದ್ದು? ಪ್ರೆಸಿಡೆಂಟ್ ಆಗಿದ್ದೋರು ಹಂಗೆಲ್ಲ ಅಂದಾರೇನ್ಲಾ?” ಎಂದರು ಅಪ್ಪ. ಅಂಥದ್ದಕ್ಕೆ ನಂಬಲರ್ಹ ವರದಿಯೇ ಇಲ್ಲ ಎಂದು ನಡೆಸಿಕೊಡುತ್ತಿದ್ದ ಡೇವಿಡ್ ಮ್ಯೂರ್ ಹೇಳಿದ್ದನ್ನೂ ತಿಳಿಸಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಮಲಗಲು ಕಳಿಸಿದ್ದ ಮಗಳು ಮೆಟ್ಟಿಲ ಮೇಲಿಂದಲೇ “ಅಜ್ಜಿ, ಹೌದು, ನಾಯಿ ಅಂದ್ರು” ಎಂದು ಸಾಕ್ಷಿ ನುಡಿದಳು. ಅಮ್ಮ ಗಣಪತಿಯ ಕಡೆ ತಿರುಗಿ ಕೆನ್ನೆ ಬಡಿದುಕೊಂಡರು.

ಜಾಹೀರಾತು ಬಂದಾಗ ಕಳೆದುಹೋದ ಮರ್ಯಾದೆ ಸಂಪಾದಿಸಲು ಒಂದು ಹಳೆಯ ಕಥೆ ತೆಗೆದೆ. 1976ರಲ್ಲಿ ಇದೇ ಫಿಲಡೆಲ್ಫಿಯಾದಲ್ಲಿ ಫೋರ್ಡ್ ಮತ್ತು ಕಾರ್ಟರ್ ಡಿಬೇಟು ನಡೆಯುವಾಗ ಧ್ವನಿ ಕೆಟ್ಟುಹೋಯಿತು. 27 ನಿಮಿಷ ಇಬ್ಬರೂ ಒಂದೂ ಮಾತಾಡದೆ ತಮ್ಮ ತಮ್ಮ ಜಾಗದಲ್ಲೇ ನಿಂತಿದ್ದರು.

“ಇಬ್ರೂವೇ?”

“ಇಬ್ಬರೂ.”

ಅಪ್ಪ ನಿಟ್ಟುಸಿರು ಬಿಟ್ಟರು. “ಅಂಥ ಲೀಡರ್‌ಗಳು ಈಗ ಎಲ್ಲವ್ರೆ ಬುಡು.”

ಡಿಬೇಟು ಮುಗಿದ ಮೇಲೆ, ಗೆದ್ದವರು ಯಾರು ಎಂದು ಓಟಿರುವವರೊಬ್ಬರನ್ನು ಕೇಳೋಣವೆಂದು ಹಾಸನದ ಕಡೆಯ ಗೆಳೆಯನಿಗೆ ಫೋನ್ ಮಾಡಿದೆ. ನಮ್ಮ ಬಳಗದಲ್ಲಿ ಸಿಟಿಜನ್ ಆಗಿರುವ ಪುಣ್ಯವಂತ. ಪುಣ್ಯವಂತ ಎಂಟೂವರೆಗೇ ಮಲಗಿದ್ದ.

“ನಾನು ಎದ್ದಿದ್ದು ಏನಾಗ್ಬೇಕು ಮಾರಾಯ? ನ್ಯೂಜೆರ್ಸಿಯಲ್ಲಿ ರಿಪಬ್ಲಿಕನ್ನರು 1988ರಲ್ಲಿ ಗೆದ್ದಿದ್ದೇ ಕೊನೆ. ಓಟಿಗೆ ಬೆಲೆ ಇರೋದು ಡೆಲವೇರ್ ನದಿ ಆಚೆ, ಪೆನ್ಸಿಲ್ವೇನಿಯಾದಲ್ಲಿ.”

ಫೋನು ಸ್ಪೀಕರಿನಲ್ಲಿತ್ತು. ಅಪ್ಪ ಮುಂದಕ್ಕೆ ಬಗ್ಗಿದರು. “ನದಿಗೆ ಸೇತುವೆ ಐತಾ?”

“ಐತಲ್ಲ, ಬೇಕಾದಷ್ಟು.”

“ಮತ್ತೆ ಆಚೆ ದಡದಲ್ಲಿ ಒಂದು ಮನೆ ಮಾಡಪ್ಪ.”

“ಬಾಡಿಗೆ ಯಾರು ಕಟ್ತಾರೆ ಯಜಮಾನ್ರೇ?”

“ಯಾಕೆ, ನಿಮ್ಮಲ್ಲಿ ಪಾರ್ಟಿಯೋರು ಏನೂ ಕೊಡಾಕಿಲ್ವಾ?”