ತ್ರೀಡಿ ಸಾಹೇಬರು

ತಾಲೂಕು ಕಚೇರಿ ಇದ್ದಲ್ಲಿ ಝೆರಾಕ್ಸ್ ಅಂಗಡಿ ಇರುತ್ತದೆ. ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಇವನಿರುತ್ತಾನೆ. ಹಳಿಯಾಳದಲ್ಲಿದ್ದಾನೆ, ಮುಂಡಗೋಡದಲ್ಲಿದ್ದಾನೆ, ಜೋಯಿಡಾದಲ್ಲಿ ಕರೆಂಟು ಇದ್ದ ದಿನ ಇದ್ದಾನೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ. ಬೋರ್ಡಿನ ಮೇಲೆ ‘ಪ್ಲ್ಯಾನ್, ಎಸ್ಟಿಮೇಟ್, ತ್ರೀಡಿ ಎಲಿವೇಷನ್, ವಾಸ್ತು, ಬ್ಯಾಂಕ್ ಲೋನ್ ರಿಪೋರ್ಟ್’. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಪಾಸ್‌ಪೋರ್ಟ್ ಫೋಟೋ ತೆಗೆಯಲಾಗುವುದು’. ಊರೆಲ್ಲ ಅವನನ್ನು ಇಂಜಿನಿಯರ್ ಸಾಹೇಬ್ರು ಅನ್ನುತ್ತದೆ. ಮೂರು ವರ್ಷದ ಡಿಪ್ಲೊಮಾ ಮುಗಿದಿದೆ, ಬಿ.ಇ. ಅರ್ಧಕ್ಕೆ ನಿಂತಿದೆ, ನೋಂದಾಯಿತ ಇಂಜಿನಿಯರುಗಳ ಪಟ್ಟಿಯಲ್ಲಿ ಹೆಸರಿಲ್ಲ ಎಂಬುದು ಅವನಿಗೂ ಗೊತ್ತು, ಅವರಪ್ಪನಿಗೂ ಗೊತ್ತು.

ಕಾನೂನು ಮಾತ್ರ ಬಾಯಿಪಾಠ. ನಮ್ಮ ದಾಂಡೇಲಿಯ ಸಾಹೇಬನನ್ನು ಒಮ್ಮೆ ‘ಆರ್ಕಿಟೆಕ್ಟ್ ಅಂತ ಯಾಕೆ ಬರಸ್ಲಿಲ್ಲೋ?’ ಎಂದು ಕೆಣಕಿದೆ. ‘ಕಾಕಾ, 1972ರ ಆ್ಯಕ್ಟ್ ಐತ್ರಿ, ಆ ಶಬ್ದ ಮುಟ್ಟಂಗಿಲ್ಲ. ಆದ್ರ ನಕಾಶಿ ತಗೀಬ್ಯಾಡ ಅಂತ ಅದರಾಗ ಎಲ್ಲೂ ಇಲ್ಲ. 2020ರಾಗ ಸುಪ್ರೀಂ ಕೋರ್ಟೇ ಹೇಳೇತಿ’ ಎಂದು ಮೊಬೈಲಿನಲ್ಲಿದ್ದ ತೀರ್ಪು ತೋರಿಸಿದ. ಅಮೆರಿಕದಲ್ಲಿ ಇಂಜಿನಿಯರ್ ಆಗಿ ಸಹಿ ಹಾಕಬೇಕಾದರೆ ಪದವಿಯ ಮೇಲೆ ಪರೀಕ್ಷೆ, ಅನುಭವ, ಮತ್ತೆ ಪರೀಕ್ಷೆ. ನಮ್ಮಲ್ಲಿ ದೇಶಕ್ಕೆಲ್ಲ ಒಂದೇ ಎನ್ನುವಂಥ ಲೈಸೆನ್ಸ್ ಇಲ್ಲ, ಆಯಾ ಊರಿನ ನಗರಸಭೆ, ಪುರಸಭೆಯ ಪಟ್ಟಿಯೇ ಗತಿ. ಹಾಗಾಗಿ ಇವನು ಗೆರೆ ಎಳೆಯುತ್ತಾನೆ, ಪಟ್ಟಿಯಲ್ಲಿರುವ ಇನ್ಯಾರೋ ಸಹಿ ಹಾಕುತ್ತಾರೆ. ಆ ಇನ್ಯಾರೋ ನಮ್ಮ ಓಣಿ ಕಂಡವರಲ್ಲ.

ಇನ್ನು ನನ್ನ ಸಂಕಟ. ಹಳೆಯ ಹೆಂಚಿನ ಮನೆ ಸೋರುತ್ತಿತ್ತು. ಅದನ್ನು ಇಳಿಸಿ ಸ್ಲ್ಯಾಬ್ ಹಾಕಿ, ಮೇಲೊಂದು ಕೋಣೆ ಎತ್ತಬೇಕಿತ್ತು. ನಾನು ಕೇಳಿದ್ದು ಇಷ್ಟೇ. ಮೂರನೇ ದಿನ ವಾಟ್ಸಾಪಿಗೆ ತ್ರೀಡಿ ಬಂತು. ನನ್ನ ಮನೆಯ ಮುಂದೆ ಗಾಜಿನ ಗೋಡೆ, ಎರಡು ಖರ್ಜೂರದ ಮರ, ಆಟೋ ಕೂಡ ಹಿಂದಕ್ಕೇ ಬರಬೇಕಾದ ನಮ್ಮ ಓಣಿಯಲ್ಲಿ ಎಡಗಡೆ ಸ್ಟೇರಿಂಗಿನ ಕೆಂಪು ಕಾರು, ಕಾರಿನ ಪಕ್ಕದಲ್ಲಿ ಚಡ್ಡಿ ತೊಟ್ಟು ನಾಯಿ ಹಿಡಿದು ನಡೆಯುವ ಬಿಳಿಯ ಹೆಂಗಸು. ಮೇಲೆ ಒಂದೇ ಒಂದು ಮೋಡವಿಲ್ಲದ ನೀಲಿ ಆಕಾಶ. ಆಗ ಇಲ್ಲಿ ಜುಲೈ. ಕಾಳಿ ಕೆಂಪಗೆ ಹರಿಯುತ್ತಿದ್ದಳು, ಹಾಸಿಗೆಯ ಮೇಲೆ ಬುಟ್ಟಿ ಇಟ್ಟುಕೊಂಡು ಮಲಗುತ್ತಿದ್ದೆವು.

ನನ್ನಾಕೆ ಕನ್ನಡಕ ಹಾಕಿಕೊಂಡು ನೋಡಿದಳು. ‘ಈ ಬಾಯಿ ಯಾರು?’

‘ಅದು ಸಾಫ್ಟ್‌ವೇರ್ ಜೋಡಿ ಬರ್ತದ್ರಿ ಕಾಕು.’

‘ಸ್ಲ್ಯಾಬ್ ಮೇಲಿನ ನೀರು ಎಲ್ಲಿಂದ ಇಳೀತದೋ?’ ಎಂದೆ ನಾನು.

‘ಕಾಕಾ, ತ್ರೀಡಿಯೊಳಗ ಮಳಿ ಬರೂದಿಲ್ರಿ.’

ಈ ಸೀಮೆಯಲ್ಲಿ ಸಪಾಟು ಸ್ಲ್ಯಾಬ್ ಹಾಕಿದವರೆಲ್ಲ ಎರಡು ಮಳೆಗಾಲ ಕಳೆದ ಮೇಲೆ ಅದರ ತಲೆಗೆ ತಗಡಿನ ಟೋಪಿ ಹಾಕುತ್ತಾರೆ. ಆ ತಗಡು ಯಾವ ತ್ರೀಡಿಯಲ್ಲೂ ಇಲ್ಲ. ಕೇಳಿಕೊಂಡ ಮೇಲೆ ಹೆಂಗಸನ್ನು ತೆಗೆದ. ಜೊತೆಗೆ ತುಳಸಿಕಟ್ಟೆಯೂ ಹಿತ್ತಲಿನ ಹಲಸಿನ ಮರವೂ ಹೋದವು. ನಾಯಿ ಮಾತ್ರ ಒಂಟಿಯಾಗಿ ಉಳಿಯಿತು. ನಾಯಿಗಾಗಿ ಮತ್ತೊಂದು ವಾರ ಹಿಡಿಯಿತು.

ಈ ಗದ್ದಲದಲ್ಲಿ ಮೆಟ್ಟಿಲನ್ನು ನೋಡಿದವನು ಗೌಂಡಿಯೊಬ್ಬನೇ. ಹತ್ತಡಿ ಎತ್ತರಕ್ಕೆ ಸಾಹೇಬ ಹನ್ನೆರಡು ಮೆಟ್ಟಿಲು ಎಣಿಸಿದ್ದ, ಅಂದರೆ ಒಂದೊಂದೂ ಹತ್ತಿಂಚು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ ಇಟ್ಟಿರುವ ಮಿತಿ 19 ಸೆಂಟಿಮೀಟರ್, ಏಳೂವರೆ ಇಂಚು. ಗೌಂಡಿ ಸಂಹಿತೆ ಓದಿದವನಲ್ಲ. ನನ್ನಾಕೆಯ ಮೊಣಕಾಲಿನ ಪಟ್ಟಿ ನೋಡಿ, ‘ಸಾಹೇಬ್ರು ಕಾಗದದಾಗ ಹತ್ತ್ಯಾರ, ಅಕ್ಕಾರು ಖರೇನ ಹತ್ತಬೇಕಲ್ರಿ’ ಎಂದ.

ಸಾಹೇಬನನ್ನು ಕರೆಸಿದೆ. ನಾಲ್ಕು ಮಾತು ಬಯ್ಯಬೇಕೆಂದು ಬೆಳಿಗ್ಗೆಯಿಂದ ಜೋಡಿಸಿಟ್ಟಿದ್ದೆ. ಅವನು ಬಂದವನೇ ಚಪ್ಪಲಿ ಬಿಟ್ಟು, ಟೇಪು ಹಿಡಿದು, ‘ಕಾಕು, ಒಂದೀಟು ಕಾಲ ಎತ್ರಿ’ ಎಂದು ಆಕೆ ಆರಾಮಾಗಿ ಎತ್ತಬಲ್ಲಷ್ಟನ್ನು ಅಳೆದುಕೊಂಡ. ಅಲ್ಲೇ ಹೊಸ್ತಿಲ ಮೇಲೆ ಕೂತು, ನಡುವೆ ತಿರುವು ಕೊಟ್ಟು ಹದಿನೇಳು ಮೆಟ್ಟಿಲು ಬರೆದ. ದುಡ್ಡು ಕೊಡಹೋದರೆ ‘ನಂದ ತಪ್ಪು, ಬಿಡ್ರಿ’ ಎಂದು ಚಹಾ ಕುಡಿದು ಎದ್ದ. ನಾನು ಜೋಡಿಸಿಟ್ಟ ಮಾತುಗಳನ್ನು ಸಂಜೆ ಗೌಂಡಿಯ ಮೇಲೆ ಖರ್ಚು ಮಾಡಿದೆ.

ಸಾಹೇಬನ ಬಡಾಯಿಗೇನೂ ಕಮ್ಮಿಯಿಲ್ಲ. ಮುಂಡಗೋಡದ ಲಾಮಾ ಕ್ಯಾಂಪಿನ ಹತ್ತಿರ ಯಾರಿಗೋ ಒಂದು ಕಂಪೌಂಡ್ ಗೋಡೆ ಬರೆದುಕೊಟ್ಟದ್ದು ‘ಇಂಟರ್‌ನ್ಯಾಶನಲ್ ಪ್ರಾಜೆಕ್ಟ್’. ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಕ್ಕೂ ಮಾನಿಟರಿಗೂ ಒಂದೊಂದು ಮಾಲೆ. ‘ಅವರು ಪುಣೆಯಲ್ಲಿ ಪಾಸಾದ ಮೇಲೇ ನೌಕರಿ ಹಿಡಿದದ್ದೋ ಮಾರಾಯ’ ಎಂದರೆ ಪೇಢೆ ಕೊಟ್ಟು ಬಾಯಿ ಮುಚ್ಚಿಸುತ್ತಾನೆ.

ಆದರೂ ಸುಪಾ ಹಿನ್ನೀರಿನ ಆಚೆ, ಬಸ್ಸು ಬಿಟ್ಟ ಮೇಲೆ ಕಾಡಿನೊಳಗೆ ನಡೆದೇ ಹೋಗಬೇಕಾದ ಕುಣಬಿಗಳ ಕೇರಿಗೆ ಟೇಪು ಹಿಡಿದು ಹೋಗುವವನು ಇವನೊಬ್ಬನೇ. ಅಲ್ಲಿಂದ ಫೀ ಎಂದು ಒಂದು ಚೀಲ ಗೆಡ್ಡೆ-ಗೆಣಸು ಬರುತ್ತದೆ, ಅರ್ಧ ನಮ್ಮ ಮನೆಗೇ. ಸಹಿ ಹಾಕುವ ದೊಡ್ಡವರನ್ನು ಆ ಫೀಗೆ ಅಲ್ಲಿಗೆ ಕರೆದೊಯ್ಯಲಿ ನೋಡೋಣ.

ಅವರಪ್ಪ, 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಲ್ಲಿ ಕಾಗದ ಮಾಡಿ ನಿವೃತ್ತರಾದರು. ನಿವೃತ್ತರಾದ ವರ್ಷವೇ ತಂಗಿಯ ಮದುವೆ, ಆ ವರ್ಷವೇ ಬಿ.ಇ. ನಿಂತದ್ದು. ಈಗಲೂ ಸಹಿಗೆಂದು ಬೈಕಿನಲ್ಲಿ ಧಾರವಾಡಕ್ಕೆ ಹೊರಟರೆ ಹಳಿಯಾಳ ದಾಟಿಯೇ ಹೋಗಬೇಕು. ಹಳಿಯಾಳದಲ್ಲೇ ಇಂಜಿನಿಯರಿಂಗ್ ಕಾಲೇಜಿದೆ, ಇವನ ಜೊತೆಯವರು ಅಲ್ಲಿಂದ ಪಾಸಾಗಿ ಬೆಂಗಳೂರು ಸೇರಿ ಸೆಟ್ಲ್ ಆಗಿದ್ದಾರೆ. ‘ಉಳಿದದ್ದು ಬರೆದು ಮುಗಿಸಬಾರದೇನೋ?’ ಎಂದು ಕೇಳಿದ್ದೆ. ‘ಮುಗಸ್ತೀನ್ರಿ ಕಾಕಾ, ಈ ರಿಸಾರ್ಟಿಂದು ಒಂದು ಆಗ್ಲಿ’ ಅಂದ. ದಾಂಡೇಲಿಯಲ್ಲಿ ರಿಸಾರ್ಟುಗಳಿಗೆ ಕೊನೆಯಿದೆಯೇ?

ಮೊನ್ನೆ ಅಳಿಯ ಮುಂಡಗೋಡದಲ್ಲಿ ಸೈಟು ಕೊಂಡ. ಪ್ಲ್ಯಾನಿಗೆ ಯಾರನ್ನು ಹಿಡಿಯೋದು ಎಂದು ಕೇಳಿದ್ದಕ್ಕೆ ಸಾಹೇಬನ ನಂಬರ್ ಕೊಟ್ಟೆ. ನನ್ನಾಕೆ ಪಕ್ಕದಿಂದ ಗೌಂಡಿಯ ನಂಬರನ್ನೂ ಬರೆಸಿದಳು.