ಕೂರ್ಮಸ್ಪರ್ಶ ಮೀಮಾಂಸೆ

ವಿಷಯ: ನಿಪ್ಪಟ್ಟಿನಷ್ಟಗಲದ ಕೆಂಪುಗಿವಿ ಆಮೆಯೊಂದು ನಮ್ಮ ಮನೆ ಸೇರಿದೆ. ಅದನ್ನು ಮುಟ್ಟಿದ ಕೈಯಿಂದಲೇ ನಿಪ್ಪಟ್ಟು ತಿನ್ನಬಹುದೇ ಎಂಬುದು ಇಲ್ಲಿಯ ಜಿಜ್ಞಾಸೆ. ಕೆಂಪುಗಿವಿ ಎಂದರೂ ಅದಕ್ಕೆ ಹೊರಗಿವಿಯೇ ಇಲ್ಲ. ಕೆಂಪಗಿರುವುದು ಕಣ್ಣಿನ ಹಿಂದಿನ ಪಟ್ಟೆ. ಹೆಸರಿನ ಗೊಂದಲ ಈ ಶಾಸ್ತ್ರಕ್ಕೆ ಹುಟ್ಟಿನಿಂದ ಬಂದದ್ದು. ಆಮೆಯ ಹಿಕ್ಕೆಯಲ್ಲಿ ಅಡಗಿರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೂ ಸಾಲ್ಮನ್ ಮೀನಿಗೂ ನೆಂಟಸ್ತಿಕೆಯಿಲ್ಲ. 1885ರ ಸುಮಾರಿಗೆ ಅದನ್ನು ಪತ್ತೆ ಹಚ್ಚಿದವರು ಥಿಯೊಬಾಲ್ಡ್ ಸ್ಮಿತ್. ಹೆಸರು ಹೋದದ್ದು ಅವರ ಮೇಲಧಿಕಾರಿ, ಪಶುವೈದ್ಯ ಡೇನಿಯಲ್ ಸಾಲ್ಮನ್‌ಗೆ. ಕಚೇರಿಯಲ್ಲಿ ದುಡಿದವರಿಗೆ ಇದರ ಭಾಷ್ಯ ಬೇಕಿಲ್ಲ.

ಪೂರ್ವಪಕ್ಷ: ಮಗಳ ವಾದ, "ಆಮೆ ಇಡೀ ದಿನ ನೀರಲ್ಲೇ ಇರುತ್ತೆ ಅಪ್ಪ, ನಿನಗಿಂತ ಕ್ಲೀನು." ಉತ್ತರ: ಅದು ಉಣ್ಣುವುದೂ ವಿಸರ್ಜಿಸುವುದೂ ಅದೇ ನೀರಲ್ಲಿ.

ಅಮ್ಮನ ವಾದ, "ಸಾಕ್ಷಾತ್ ಕೂರ್ಮಾವತಾರ ಕಣೋ, ಅದಕ್ಕೆಂಥ ಮೈಲಿಗೆ?" ಉತ್ತರ: ಕೂರ್ಮ ಬೆನ್ನು ಕೊಟ್ಟಲ್ಲೇ ಹಾಲಾಹಲವೂ ಎದ್ದಿತು. ಕುಡಿಯಲು ಅಲ್ಲಿ ಶಿವನಿದ್ದ. ನಮ್ಮಲ್ಲಿರುವುದು ಕಂಡದ್ದನ್ನೆಲ್ಲ ಬಾಯಿಗಿಡುವ ಮೂರು ವರ್ಷದ ಮಗ. ಲವಲವಿಕೆಯಿಂದಿರುವ ಆಮೆಯೂ ರೋಗಾಣು ಹೊತ್ತಿರಬಲ್ಲದು. ಐದು ತುಂಬದ ಮಕ್ಕಳಿಗೆ ಅಪಾಯ ಹೆಚ್ಚು. 1975ರಲ್ಲಿ ಅಮೆರಿಕ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನೇ ನಿಷೇಧಿಸಿದ್ದು ಇಂಥ ಪುಟ್ಟ ಬಾಯಿಗಳಿಗೆ ಹೆದರಿಯೇ.

ಸಿದ್ಧಾಂತ: ಮುಟ್ಟಿದ ಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜತಕ್ಕದ್ದು. ಮುಟ್ಟಬಹುದು, ಮುತ್ತಿಡಕೂಡದು. ತೊಟ್ಟಿಯ ನೀರು ಅಡುಗೆಮನೆಯ ಸಿಂಕಿಗೆ ವರ್ಜ್ಯ. ದೋಸೆಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ತೊಟ್ಟಿ ತೊಳೆದ ದಿನ ಹೆಂಡತಿ ನುಡಿದ ವ್ಯಾಖ್ಯಾನ ಮುದ್ರಣಯೋಗ್ಯವಲ್ಲ.

ಕಪ್ಪೆ ಸಾಕುವವರಿಗೆ ವಿಶೇಷ ವಿಧಿ: ಮುಟ್ಟುವ ಮುಂಚೆಯೂ ಕೈ ತೊಳೆದು, ಸೋಪಿನ ಪಸೆ ಉಳಿಯದಂತೆ ಜಾಲಿಸಬೇಕು. ಕಪ್ಪೆ ನೀರನ್ನು ಬಾಯಿಯಿಂದ ಕುಡಿಯದೆ ತೊಗಲಿನಿಂದ ಹೀರುವ ಪ್ರಾಣಿ; ನಾವು ಹಚ್ಚಿಕೊಂಡ ಸೊಳ್ಳೆ ಮುಲಾಮೂ ಆ ದಾರಿಯಲ್ಲೇ ಒಳಗಿಳಿಯುತ್ತದೆ. ಕಪ್ಪೆಯ ಮಡಿಯಲ್ಲಿ ಮೈಲಿಗೆ ನಾವೇ.

ನಕ್ಷತ್ರ ಆಮೆಯ ವಿಚಾರದಲ್ಲಿ ಚರ್ಚೆಗೆ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದು ಸಾಕುವುದೇ ಅಪರಾಧ. ಆ ಕೈ ಎಷ್ಟು ತೊಳೆದರೂ ಶುದ್ಧವಾಗದು.

ಫಲಶ್ರುತಿ: ಇಷ್ಟನ್ನೂ ಕೇಳಿಸಿಕೊಂಡ ಅಮ್ಮ, "ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ ಅಂತ ನಲವತ್ತು ವರ್ಷದಿಂದ ನಾನು ಬಡ್ಕೊಳ್ತಿರೋದೂ ಇದನ್ನೇ ಅಲ್ವೇನೋ?" ಎಂದರು. ಪೂರ್ವಪಕ್ಷದವರೇ ಸಿದ್ಧಾಂತವನ್ನೂ ಕಬಳಿಸಿದ್ದರಿಂದ, ಪ್ರಬಂಧಕಾರನ ಪಾಲಿಗೆ ಉಳಿದದ್ದು ತೊಟ್ಟಿ ತೊಳೆಯುವ ಕೆಲಸ.